ಕಿನು ಅಜ್ಜಿಯ ಹೊಕ್ಕುಳು

ಜಪಾನಿನ ಯಾಯಿಜು ಬಂದರಿನಲ್ಲಿ ಮೀನಿನ ಹೃದಯಕ್ಕೆ ಹೊಕ್ಕುಳು ಅನ್ನುತ್ತಾರೆ. ಏಕೆ ಎಂದು ಕೇಳಿದರೆ ಮೂವರು ಮೂರು ಕಾರಣ ಹೇಳುತ್ತಾರೆ, ಮೂರೂ ಸುಳ್ಳು. ಕತ್ಸುವೊ ಮೀನನ್ನು ಸೀಳಿದರೆ ಕಡುಗೆಂಪು ಹೊಕ್ಕುಳು ಸಿಗುತ್ತದೆ, ಅದರ ತುದಿಗೆ ಬೆಳ್ಳುಳ್ಳಿ ಎಸಳಿನಂಥ ಬಿಳಿ ಗಂಟು. ಕೆಂಪು ಭಾಗವನ್ನು ಹುದುಗಿಸಿದ ಸೋಯಾದ ಮಿಸೊ ಹಾಕಿ ಬೇಯಿಸಿ ತಿನ್ನಬಹುದು. ಬಿಳಿ ಗಂಟನ್ನು ಬೆಳಿಗ್ಗೆ ಅಗಿಯತೊಡಗಿದರೆ ಸಂಜೆಗೆ ಹಲ್ಲು ಹೋಗಿರುತ್ತದೆ, ಗಂಟು ಹಾಗೇ ಇರುತ್ತದೆ.

ಆ ಗಂಟನ್ನು ಒಂದೇ ಏಟಿಗೆ ಬಿಡಿಸುವವಳು ಕಿನು ಅಜ್ಜಿ. ವಯಸ್ಸು ಎಪ್ಪತ್ತಾರು. ಐವತ್ತೆಂಟು ವರ್ಷದಿಂದ ಮೀನು ಕೊಯ್ಯುವ ಮೇಜಿನ ಎಡತುದಿ ಅವಳದು. ಅವಳು ಚೂರಿ ಆಡಿಸಿದರೆ ತಾನು ಎರಡಾಗಿರುವುದು ಮೀನಿಗೆ ಮರುದಿನ ಗೊತ್ತಾಗುತ್ತಿತ್ತು. ಮುಖವನ್ನು ಮಾತ್ರ ಬಿಸಿಲು ತಿಂದಿತ್ತು. ಹುಡುಗಿಯಾಗಿದ್ದಾಗ ದಿನವಿಡೀ ಅಂಗಳದಲ್ಲಿ ಮೀನು ಒಣಗಿಸಿದವಳು. ಈಗ ಅವಳ ಒಂದೊಂದು ಸುಕ್ಕಿನಲ್ಲೂ ಒಂದೊಂದು ದೋಣಿ ಕಟ್ಟಿಹಾಕಬಹುದಿತ್ತು.

ಆ ವರ್ಷ ಮೇಸ್ತ್ರಿ ಮೊಚಿಜುಕಿ ಗೋಡೆಗೆ ಒಂದು ಚೀಟಿ ಅಂಟಿಸಿದ: ‘ರಕ್ತನಾಳದ ವಯಸ್ಸು ಎಪ್ಪತ್ತೈದು ದಾಟಿದವರು ಚೂರಿ ಹಿಡಿಯತಕ್ಕದ್ದಲ್ಲ.’ ವರ್ಷಕ್ಕೊಮ್ಮೆ ಬರುವ ಆರೋಗ್ಯ ತಪಾಸಣೆಯ ಬಸ್ಸಿನಲ್ಲಿ ಈ ಸಲ ಹೊಸ ಯಂತ್ರ ಬರಲಿತ್ತು. ಕೈಕಾಲಿಗೆ ಪಟ್ಟಿ ಕಟ್ಟಿದರೆ ಸಾಕು, ರಕ್ತನಾಳ ಎಷ್ಟು ಗಡುಸಾಗಿದೆ ಎಂದು ಅಳೆದು, ಅದಕ್ಕೆ ಎಷ್ಟು ವಯಸ್ಸಾಯಿತೆಂದು ಅದು ಹೇಳುತ್ತದೆ. ಚೀಟಿ ಯಾರ ಮೇಲೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಡತುದಿಗೆ ಒಳ್ಳೆಯ ಬೆಳಕು. ಮೇಸ್ತ್ರಿಯ ನಾದಿನಿಗೆ ಅದರ ಮೇಲೆ ಕಣ್ಣು.

“ಅಜ್ಜೀ, ಮನೇಲಿ ಬೆಚ್ಚಗೆ ಕೂತು ಟೀ ಕುಡಿಯೋ ವಯಸ್ಸು ನಿಮ್ದು,” ಎಂದ ಮೇಸ್ತ್ರಿ.

“ಟೀ ಇಲ್ಲೂ ಕುಡೀತೀನಿ ಕಣೋ. ನಿನ್ನ ಸಿಗರೇಟಿನ ಹೊಗೆ ಬೀಳದಿದ್ರೆ ಇನ್ನೂ ರುಚಿಯಾಗಿರುತ್ತೆ.”

ಬಾಯಿಗೆ ಹಾಗೆ ಬಂದರೂ ಒಳಗೆ ಅಳುಕಿತ್ತು. ಗಂಡ ದೋಣಿಯವನು, ಹೊಗೆಕೊಳವೆಯ ಹಾಗೆ ಸೇದಿದವನು. ಕೊನೆಯ ದಿನಗಳಲ್ಲಿ ಉಸಿರು ಒಳಗೆ ಹೋಗುತ್ತಿತ್ತು; ಅದನ್ನು ಹೊರಗೆ ತಳ್ಳುವ ಬಿಗಿ ಮಾತ್ರ ಶ್ವಾಸಕೋಶಕ್ಕೆ ಇರಲಿಲ್ಲ, ಹಳೇ ಚಡ್ಡಿಯ ಎಲಾಸ್ಟಿಕ್ಕಿನ ಹಾಗೆ ಜೋತುಬಿದ್ದಿತ್ತು. ಒಳಗಿನ ಬಿಗಿ ಹೋಗಿದ್ದು ಹೊರಗೆ ಕಾಣುವುದಿಲ್ಲ ಎಂದು ಅವಳು ಆಗಲೇ ಕಂಡುಕೊಂಡಿದ್ದಳು. ತನ್ನೊಳಗೆ ಏನಾಗಿದೆಯೋ ಯಾರಿಗೆ ಗೊತ್ತು? ಚೂರಿ ಹಿಡಿಯದ ಒಂದು ಬೆಳಗು ಹೇಗಿರುತ್ತದೆಂದು ಊಹಿಸಲು ಹೋದಳು, ಆಗಲಿಲ್ಲ.

ಬಸ್ಸು ಬಂತು. ಡಾಕ್ಟರು ಅಮಾನೊ, ಟೋಕಿಯೊದಿಂದ ಬಂದು ಎರಡು ವಾರವಾದ ಹುಡುಗಿ. ಕೈಕಾಲಿಗೆ ಪಟ್ಟಿ ಕಟ್ಟುತ್ತ ಕೇಳಿದಳು: “ಹೃದಯದ ತೊಂದರೆ ಏನಾದ್ರೂ ಇದೆಯಾ ಅಜ್ಜಿ?”

“ನನ್ನ ಹೊಕ್ಕುಳಿಗೇನು ಧಾಡಿ? ಮೊನ್ನೆ ಮೆಟ್ಟಿಲು ಹತ್ತೋವಾಗ ಸ್ವಲ್ಪ ಡಬಡಬ ಅಂತು, ಅಷ್ಟೇ.”

ಹುಡುಗಿಯ ಮುಖ ಬಿಳಚಿಕೊಂಡಿತು. ಹೊಟ್ಟೆಯ ದೊಡ್ಡ ರಕ್ತನಾಳ ಸಡಿಲಾಗಿ ಉಬ್ಬಿದರೆ ಹೊಕ್ಕುಳ ಹತ್ತಿರ ಹಾಗೆ ಬಡಿಯುತ್ತದೆ. ಒಡೆದರೆ ಮನುಷ್ಯ ಉಳಿಯುವುದು ಕಷ್ಟ. ಅವಳು ಅಜ್ಜಿಯ ಅಂಗಿ ಎತ್ತಿ, ಮಂಜುಗಡ್ಡೆಯಂಥ ಬೆರಳುಗಳಿಂದ ಹೊಟ್ಟೆ ಅದುಮಿಯೇಬಿಟ್ಟಳು.

“ಅಯ್ಯಯ್ಯೋ! ಏನಮ್ಮಾ ಇದು, ನಾನೇನು ಬಸುರಿಯಾ?”

ಸರದಿಯಲ್ಲಿದ್ದ ಹೆಂಗಸರು ನಕ್ಕ ರಭಸಕ್ಕೆ ಬಸ್ಸು ಒಂದು ಮೊಳ ಹಿಂದೆ ಸರಿಯಿತು. ಅದೇ ಗಳಿಗೆಯಲ್ಲಿ ಯಂತ್ರ ಕೂಗಿತು: ಎಂಬತ್ತಾರು.

ಬಾಗಿಲಲ್ಲೇ ಕಾಯುತ್ತಿದ್ದ ಮೊಚಿಜುಕಿ ಕೈ ಚಾಚಿದ. “ಚೂರಿ ಕೊಡಿ ಅಜ್ಜಿ.”

ನಗು ನಿಂತಿತು. ಅಜ್ಜಿ ಸೊಂಟಕ್ಕೆ ಸಿಕ್ಕಿಸಿದ್ದ ಚೂರಿ ಕೊಡಲಿಲ್ಲ. “ಡಾಕ್ಟರಮ್ಮಾ, ನೀವು ಅದುಮಿದ್ದೇ ತಪ್ಪು ಜಾಗ. ನಮ್ಮಲ್ಲಿ ಹೊಕ್ಕುಳು ಅಂದ್ರೆ ಇದು!” ಎಂದು ಎದೆ ಬಡಿದುಕೊಂಡಳು. ಪಟ್ಟಿ ಕಿತ್ತು ಕೆಳಗಿಳಿದು, ಮೇಜಿನಿಂದ ಒಂದು ಹೊಕ್ಕುಳು ತಂದು ಡಾಕ್ಟರ ಅಂಗೈಗೆ ಹಾಕಿದಳು.

ಡಾಕ್ಟರು ಬಿಳಿ ಗಂಟನ್ನು ಎಳೆದಳು, ಬಿಟ್ಟಳು. ಅದು ಚಟ್ಟನೆ ಮೊದಲಿನಂತಾಯಿತು. ಅವಳ ಕಣ್ಣು ಅರಳಿತು.

“ಇದು ಎಲಾಸ್ಟಿನ್ ಅನ್ನೋ ರಬ್ಬರಿನಂಥ ನಾರಿನ ಗಣಿ ಅಜ್ಜಿ! ನಿಮ್ಮ ದೊಡ್ಡ ರಕ್ತನಾಳದಲ್ಲೂ ಇದೇ ಇರೋದು. ಹೃದಯ ರಕ್ತ ನೂಕಿದಾಗ ಹಿಗ್ಗುತ್ತೆ, ಆಮೇಲೆ ಕುಗ್ಗಿ ಮುಂದಕ್ಕೆ ತಳ್ಳುತ್ತೆ. ಮೈ ಇದನ್ನ ನೇಯೋದು ಚಿಕ್ಕಂದಿನಲ್ಲಿ. ಆಮೇಲೆ ಹೊಸದು ಸಿಗೋದು ಬಲು ಕಮ್ಮಿ. ಬಿಸಿಲು ಚರ್ಮದ್ದನ್ನ ಹರಿದುಹಾಕುತ್ತೆ, ಸಿಗರೇಟು ಶ್ವಾಸಕೋಶದ್ದನ್ನ.”

“ಅಂದ್ರೆ ನನ್ನೊಳಗಿರೋದು ಎಪ್ಪತ್ತಾರು ವರ್ಷದ ಹಳೇ ಮಾಲು.”

“ಹೌದು. ಆದ್ರೆ ಬೆಚ್ಚಿಬಿದ್ದಾಗ ಅಳೆದ್ರೆ ಯಂತ್ರ ಇರೋದಕ್ಕಿಂತ ಗಡುಸು ಅನ್ನುತ್ತೆ. ತಪ್ಪು ನನ್ನದು. ಕಾಲು ಗಂಟೆ ಸುಮ್ಮನೆ ಮಲಗಿ, ಮತ್ತೆ ನೋಡೋಣ.”

ಸುಮ್ಮನಿರುವುದು ಅವಳು ಹುಟ್ಟಿದಾಗಿನಿಂದ ಮಾಡದ ಕೆಲಸ. ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದಳು. ಹೆಬ್ಬೆರಳಿನಿಂದ ಒತ್ತಿದಳು, ಅದು ಮರಳಿತು. ಮತ್ತೆ ಒತ್ತಿದಳು, ಮತ್ತೆ ಮರಳಿತು. “ನೀನು ಮರ್ಯಾದೆ ಉಳಿಸ್ಕೊಂಡೆ. ನನ್ನದೂ ಉಳಿಸು,” ಎಂದು ಅದಕ್ಕೇ ಪಿಸುಗುಟ್ಟಿದಳು.

ಪಟ್ಟಿ ಮತ್ತೆ ಬಿಗಿಯಿತು, ಸಡಿಲಿತು. ಅರವತ್ತೊಂದು!

ಹೆಂಗಸರ ಕೇಕೆಗೆ ಬಂದರಿನ ಕಡಲಹಕ್ಕಿಗಳೆಲ್ಲ ಎದ್ದು ಹೋದವು. ಅರ್ಧದಷ್ಟು ಇನ್ನೂ ಮರಳಿಲ್ಲ.

“ಯಂತ್ರ ಕೆಟ್ಟಿದೆ!” ಎಂದ ಮೊಚಿಜುಕಿ.

“ಹಾಗಾದ್ರೆ ನೀನೇ ಕಟ್ಟಿಸ್ಕೊಂಡು ನೋಡಪ್ಪ. ಕೆಟ್ಟ ಯಂತ್ರಕ್ಕೆ ಯಾಕೆ ಹೆದರ್ತೀಯ?”

ಅಷ್ಟು ಹೆಂಗಸರ ಮುಂದೆ ಅವನು ಹಿಂಜರಿಯುವಂತಿರಲಿಲ್ಲ. ಸಮಾಧಾನವಾಗಿ ಮಲಗಿಸಿ ಎರಡು ಸಲ ಅಳೆದರು. ಅವನ ವಯಸ್ಸು ಐವತ್ತೆರಡು. ರಕ್ತನಾಳಕ್ಕೆ ಎರಡು ಸಲವೂ ಎಪ್ಪತ್ತೊಂಬತ್ತು.

ಅಜ್ಜಿ ಗೋಡೆಯ ಚೀಟಿ ಕಿತ್ತು ತಂದು, ಪೂಜಾರಿ ಮಂತ್ರ ಹೇಳುವ ಹಾಗೆ ರಾಗವಾಗಿ ಓದಿದಳು. ಅದರಲ್ಲಿ ಮೇಸ್ತ್ರಿಗೆ ವಿನಾಯಿತಿ ಎಂದು ಎಲ್ಲೂ ಬರೆದಿರಲಿಲ್ಲ. ಆಮೇಲೆ ಕೈ ಚಾಚಿದಳು. “ಚೂರಿ ಕೊಡಪ್ಪ.”

ಕೊಟ್ಟ. ಈಗ ಅವನು ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾನೆ. ಅಂಟಿಸುವುದು ಅವನಿಗೆ ಮೊದಲಿನಿಂದಲೂ ಇಷ್ಟ. ಸಿಗರೇಟನ್ನು ಅಜ್ಜಿಯೇ ಬಿಡಿಸಿದಳು. ದಿನಾ ಬೆಳಿಗ್ಗೆ ಅವನ ಜೇಬು ತಡಕಿ ಪ್ಯಾಕೆಟ್ಟನ್ನು ಮೀನಿನ ಕಸದ ಬುಟ್ಟಿಗೆ ಹಾಕುತ್ತಿದ್ದಳು.

ಬಿಳಿ ಗಂಟು ತಿಂದರೆ ಯೌವನ ಬರುತ್ತದೆಂದು ಊರಲ್ಲಿ ಸುದ್ದಿಯಾಯಿತು. ಜನ ಪಾತ್ರೆ ಹಿಡಿದು ಬಂದರು.

“ನೀವು ಎಷ್ಟು ತಿಂದ್ರಿ ಅಜ್ಜಿ?”

“ಒಂದೂ ಇಲ್ಲ. ಎಲ್ಲಾ ಬೆಕ್ಕಿಗೆ ಹಾಕ್ತಿದ್ದೆ.”

“ಬೆಕ್ಕು ಹೇಗಿದೆ?”

“ಸತ್ತು ಎಂಟು ವರ್ಷ ಆಯ್ತು,” ಎಂದಳು ಕಿನು ಅಜ್ಜಿ. ಎಡತುದಿಯ ಬೆಳಕಿನಲ್ಲಿ ನಿಂತು ಮುಂದಿನ ಮೀನನ್ನು ಎಳೆದುಕೊಂಡಳು.