ಕೆಂಪು ಕಾರಿನ ಬೆಲ್ಟ ಸಡ್ಲ ಮಾಡಿದವರು ಯಾರು

ನಾವು ಸಣ್ಣವರಿದ್ದಾಗ ಬ್ಯಾಸಿಗಿ ಸೂಟಿ ಬಿದ್ದ ಮರುದಿನನೇ ನನ್ನನ್ನ ಅಫಜಲಪುರದ ಮುತ್ಯಾನ ಮನಿಗೆ ಒಯ್ದು ಬಿಡತಿದ್ರು. ನಾ ಮನ್ಯಾಗ ಇದ್ರ ಅವ್ವಗ ನೆಮ್ಮದಿ ಇರ್ತಿರಲಿಲ್ಲ, ಅದಕ್ಕ. ಮುಂಜಾನಿ ಚುರುಮುರಿ ಸುಸಲಾ, ಮಧ್ಯಾಹ್ನ ರೊಟ್ಟಿ ಜೋಡಿ ಮಾವಿನಹಣ್ಣಿನ ಸೀಕರಣಿ, ಬಿಸಲು ಇಳಿಯೋ ತನಕ ಪಡಸಾಲ್ಯಾಗ ಗಜಗದ ಆಟ. ಆ ಬಿಸಲು ನಿಮಗೂ ನೆನಪಿರಬೇಕ್ರಿ. ಅಂಗಳದಾಗ ಚಪ್ಪಲಿ ಬಿಟ್ರ ತಿರುಗಿ ಹಾಕ್ಕೊಳ್ಳಾಕ ಆಗ್ತಿರಲಿಲ್ಲ.

ಮುತ್ಯಾ ಅಂದ್ರ ನಮ್ಮ ಅವ್ವನ ಅಪ್ಪ, ಆಯಿ ಅಂದ್ರ ಅವ್ವನ ಅವ್ವ. ಅವಂದು ಹಿಟ್ಟಿನ ಗಿರಣಿ ಇತ್ತು. ಅವ ಹೊರಗ ಬಂದ್ರ ಹುಬ್ಬು, ಮೀಸಿ, ಕಿವಿ ಎಲ್ಲಾ ಬೆಳ್ಳಗ, ಹಣಿ ಮ್ಯಾಲಿನ ಇಭೂತಿ ಯಾವುದು, ಹಿಟ್ಟು ಯಾವುದು ತಿಳೀತಿರಲಿಲ್ಲ. ಒಬ್ಬನೇ ಮಗ ಶರಣಪ್ಪ ಮಾವ. ಮಾವ ಗಿರಣಿ ಬಿಟ್ಟು, ಗಾಣಗಾಪುರದ ರೋಡಿಗೆ ಬೇವಿನ ಗಿಡದ ಬುಡಕ ಗಾಡಿ ರಿಪೇರಿ ಶೆಡ್ ಹಾಕಿದ್ದ. ಇದು ಮುತ್ಯಾಗ ಸೇರ್ತಿರಲಿಲ್ಲ.

ಆ ವರ್ಷ ಸೊಲ್ಲಾಪುರದ ಸಾಹುಕಾರರೊಬ್ಬರು ಕಾರು ತಂದು ಬಿಟ್ರು. ಹಳೇದು ಖರೆ, ಆದ್ರ ಎಂಥಾ ಕಾರು ಅಂತೀರಿ. ಕೆಂಪಂದ್ರ ಕೆಂಪು, ಎರಡೇ ಸೀಟು, ಮ್ಯಾಲೆ ಛಾವಣಿ ಇಲ್ಲ, ಜೋರು ಓಡ್ಸಾಕಂತನೇ ಪರದೇಶದಾಗ ಮಾಡಿದ್ದು. ಅದರ ಎಂಜಿನ್ನಿನ್ಯಾಗ ಹಲ್ಲಿನ ರಬ್ಬರ್ ಬೆಲ್ಟ. ಆ ಬೆಲ್ಟಿಗೆ ಒತ್ತಿ ಹಿಡಿಯೋದು ಒಂದು ಸಣ್ಣ ಗಾಲಿ, ಟೆನ್ಷನರ್ ಅಂತಾರ. ಸಾಹುಕಾರರು ಎರಡೂ ಹೊಸಾವು ತಂದು ಕೊಟ್ಟು, "ಶರಣಪ್ಪ, ಬೆಲ್ಟ ಸಡ್ಲಾಗಿ ಒಂದು ಹಲ್ಲು ಜಿಗೀತಂದ್ರ ಎಂಜಿನ್ ಒಳಗಿಂದೊಳಗ ಬಡಕೊಂಡು ಸಾಯ್ತದ ನೋಡು" ಅಂದು ಹೋದ್ರು.

ಮುತ್ಯಾ ಅವತ್ತೇ ಊಟದ ಮುಂದ ಕರಾರು ಹಾಕಿದ. "ಈ ಕಾರು ಕೆಡಸಿದಿ ಅಂದ್ರ ಶೆಡ್ಡಿಗೆ ಕೀಲಿ ಹಾಕಿ ಗಿರಣಿಗೆ ಬರಬೇಕು."

"ಆತು ಬಿಡಪಾ" ಅಂದ ಮಾವ. ರೊಟ್ಟಿ ಮಾತ್ರ ಅರ್ಧಕ್ಕ ಬಿಟ್ಟ.

ಮಾವ ಬೆಲ್ಟ ಹಾಕಿದ. ಎಂಜಿನ್ ಚಾಲೂ ಮಾಡಿ, ಒಂದೀಟು ಓಡಿಸಿ, ದನಿ ಕೇಳಿ, ಬಂದ್ ಮಾಡಿ, ಆಮ್ಯಾಲೆ ಗಾಲಿ ಒತ್ತಿ ನಟ್ಟು ಬಿಗಿ ಮಾಡಿದ. ಎರಡು ಬೆರಳಿನ್ಯಾಗ ಬೆಲ್ಟ ಹಿಡಿದು ತಿರುವಿ ನೋಡ್ದ, ಸರಿಯಾಗಿತ್ತು. ಮುಂಜಾನಿ ಹೋಗಿ ನೋಡಿದ್ರ ಸಡ್ಲ. ಮತ್ತ ಚಾಲೂ ಮಾಡಿ ಬಿಗಿ ಮಾಡಿದ. ಮರುದಿನ ಮುಂಜಾನಿ ಮತ್ತ ಸಡ್ಲ.

ಮೊದಲ ಸಂಶೆ ಯಾರ ಮ್ಯಾಲೆ ಬರಬೇಕು? ನನ್ನ ಮ್ಯಾಲೆನೇ.

"ಏ ಅವ್ವಿ, ನೀ ಕಾರಿಗೆ ಕೈ ಹಚ್ಚಿದ್ದೇನು?"

"ಹಾರನ್ನಿಗೆ ಅಷ್ಟೇ ಮಾವ."

"ನಟ್ಟು ತಿರುವೋ ಪಾನಾ ಮುಟ್ಟಿದಿ?"

"ಅದು ನನಗಿಂತ ಭಾರ ಅದ. ಆಯಿನ ಕೇಳು, ನಾ ಒಂದು ಕೊಡ ನೀರ ಎತ್ತಂಗಿಲ್ಲ."

"ಎತ್ತಂಗಿಲ್ಲ ಅಂತಲ್ಲ, ಎತ್ತೋ ಮನಸಿಲ್ಲ ಅದಕ್ಕ" ಅಂದ್ಳು ಆಯಿ ಒಲಿ ಮುಂದ ಕುಂತು.

ಮಾವ ನಗಲಿಲ್ಲ. ಮುತ್ಯಾನ ಕಡೆ ತಿರುಗಿದ. ಮುತ್ಯಾ ದಿನಾ ಬೆಳಕು ಹರಿಯೂದ್ರಾಗ ಶೆಡ್ಡಿನ ಮುಂದನೇ ಗಿರಣಿಗೆ ಹೋಗ್ತಿದ್ದ. "ನಾ ಸೋತು ಗಿರಣಿಗೆ ಬರಲಿ ಅಂತ ನೀನೇ ನಟ್ಟು ಸಡ್ಲ ಮಾಡಾಕತ್ತಿ ಯಪ್ಪಾ."

ಮುತ್ಯಾ ಮಗನ ಮುಖ ನೋಡ್ದ. ಟಾವೆಲ್ ಹೆಗಲಿಗೆ ಹಾಕ್ಕೊಂಡು ಹೊಂಟುಹೋದ. ಅವತ್ತು ಮನ್ಯಾಗ ಮಾಡಿದ ಸೀಕರಣಿ ನಾ ಒಬ್ಬಾಕಿನೇ ತಿಂದೆ.

ಸಂಜಿಗೆ ಮಾವ ಆಯಿನ ಕುಂಕುಮಕ್ಕ ಎಣ್ಣಿ ಕಲಿಸಿ, ಮತ್ತ ಓಡಿಸಿ ಬಿಗಿ ಮಾಡಿದ ನಟ್ಟಿನಿಂದ ಪಕ್ಕದ ಕಬ್ಬಿಣದ ತನಕ ಒಂದು ಗೆರಿ ಎಳೆದ. ಯಾರಾದ್ರೂ ನಟ್ಟು ತಿರುವಿದ್ರ ಗೆರಿ ಮುರೀಬೇಕು. ಕಳ್ಳನ್ನ ಹಿಡಿಯೋ ಉಪಾಯ ಅಂದ್ರ ನನಗೂ ಹುರುಪು. ಮುಂಜಾನಿ ಮಾರಿ ತೊಳೀದೇ ಮಾವನ ಹಿಂದ ಓಡಿದೆ.

ಗೆರಿ ಹಂಗೇ ಇತ್ತು. ಒಂದು ಕೂದಲೆಳಿಯಷ್ಟು ಸರದಿರಲಿಲ್ಲ. ಬೆಲ್ಟ ಸಡ್ಲಾಗಿತ್ತು.

ಮಾವ ಅಲ್ಲೇ ಕುಂತುಬಿಟ್ಟ. ಎಂಜಿನ್ ಮ್ಯಾಲೆ ಅಂಗೈ ಇಟ್ಟ. ಆ ಹೊತ್ತಿನ್ಯಾಗ ಅದು ತಣ್ಣಗಿತ್ತು. ಭಾಳ ಹೊತ್ತು ಕೈ ತಗೀಲಿಲ್ಲ. ಆಮ್ಯಾಲೆ ಎದ್ದು, ಸೀದಾ ಗಿರಣಿಗೆ ಹೊಂಟ.

ಗಿರಣಿ ಮುಂದ ಜೋಳದ ಬುಟ್ಟಿ ಇಟ್ಕೊಂಡು ಹೆಣ್ಣಮಕ್ಕಳು ಪಾಳಿ ಹಚ್ಚಿದ್ರು. ಮಾವ ಅವರ ನಡುವೇ ನಿಂತು, "ಯಪ್ಪಾ, ನಿನ್ನ ಮ್ಯಾಲೆ ಸಂಶೆ ಪಟ್ಟೆ. ತಪ್ಪಾತು" ಅಂದ.

"ಏನಂದಿ? ಗಿರಣಿ ಸಪ್ಪಳಕ್ಕ ಕೇಳವಲ್ದು."

"ತಪ್ಪಾತು ಅಂದೆ."

"ಇನ್ನೊಂದೀಟು ಜೋರು."

"ತಪ್ಪಾತೂ" ಅಂತ ಮಾವ ಒದರಿದ. ಹೆಣ್ಣಮಕ್ಕಳೆಲ್ಲಾ ಸೆರಗು ಬಾಯಿಗೆ ಹಿಡ್ಕೊಂಡ್ರು. ಮುತ್ಯಾನ ಮೀಸಿ ಹಿಟ್ಟಿನ ಕೆಳಗ ಕುಣೀತಿತ್ತು, ನಾ ಕಂಡೇನಿ. ಆಗ ಗಿರಣಿ ಬಂದ್ ಮಾಡಿದ.

"ಎಂಜಿನ್ ಬಿಸಿ ಆದಾಗ ಉಬ್ಬತದ, ಬೆಲ್ಟ ಬಿಗಿ ಕಾಣತದ" ಅಂದ ಮಾವ. "ನಾ ದಿನಾ ಓಡಿಸಿ, ಬಿಸಿ ಇದ್ದಾಗನೇ ನಟ್ಟು ಬಿಗಿ ಮಾಡಾಕತ್ತಿದ್ದೆ. ರಾತ್ರಿ ತಣ್ಣಗಾಗಿ ಸಡ್ಲ ಬೀಳತದ."

"ನಾ ಈ ಗಿರಣಿ ಪಟ್ಟಾ, ಇದೂ ಬೆಲ್ಟನೇ, ಮುಂಜಾನಿನೇ ನೋಡ್ತೇನಿ, ಚಾಲೂ ಮಾಡೂಕಿಂತ ಮೊದಲ. ನಮ್ಮಪ್ಪ ಹಂಗ ಮಾಡ್ತಿದ್ದ, ನಾನೂ ಮಾಡ್ತೇನಿ. ಯಾಕ ಅನ್ನೋದು ಇವತ್ತು ನೀ ಹೇಳಿದ ಮ್ಯಾಲೆ ತಿಳೀತು."

ಮರುದಿನ ಮೂಡಲ ಕೆಂಪಾಗೂದ್ರಾಗ ಅಪ್ಪ ಮಗ ಇಬ್ಬರೂ ಕಾರಿನ ಎಂಜಿನ್ ಮ್ಯಾಲೆ ಬಗ್ಗಿ ನಿಂತಿದ್ರು. ಮುತ್ಯಾ ಎಂಜಿನ್ ಕೈಲೆ ತಿರುವಿದ, ಮಾವ ಗಾಲಿ ಒತ್ತಿ ನಟ್ಟು ಹಿಡಿದ. ಬೆಲ್ಟ ಇಬ್ಬರೂ ಒಬ್ಬರಾದ ಮ್ಯಾಲೆ ಒಬ್ಬರು ತಿರುವಿ ನೋಡಿದ್ರು. ಮಧ್ಯಾಹ್ನದ ಉರಿಬಿಸಲಿನ್ಯಾಗ ಓಡಿಸಿದ್ರು, ಕುಂಯ್ ಅನ್ಲಿಲ್ಲ. ಮರುದಿನ ಮುಂಜಾನಿ ಸಡ್ಲ ಬೀಳಲಿಲ್ಲ.

ಸಾಹುಕಾರರು ಬಂದು ಕಾರು ಒಯ್ದ್ರು. ಧೂಳು ಇಳಿಯೋ ತನಕ ಮುತ್ಯಾ ರೋಡಿನ ಕಡೆ ನೋಡಕೋತ ನಿಂತಿದ್ದ. ಕರಾರಿನ ಮಾತು ತಗೀಲಿಲ್ಲ. "ಮಳಿಗಾಲ ಬಂತು, ಶೆಡ್ಡಿನ ಮ್ಯಾಲೆ ನಾಕು ತಗಡು ಹೊಚ್ಚಸೋ ಶರಣ್ಯಾ" ಅಂದು ಗಿರಣಿಗೆ ಹೋದ.

ಈಗ ಮುತ್ಯಾನೂ ಇಲ್ಲ, ಮಾವನೂ ಇಲ್ಲ. ಶೆಡ್ಡಿನ ಜಾಗಾದಾಗ ಮೊಬೈಲ್ ಅಂಗಡಿ ಅದ, ನಾ ಈ ಫೋನ್ ತಗೊಂಡಿದ್ದೂ ಅಲ್ಲೇ. ಅಂಥಾ ಗಂಡಸರನ್ನ ನಾ ಮತ್ತ ಕಾಣಲಿಲ್ಲ ನೋಡ್ರಿ, ನಾಕು ಮಂದಿ ಮುಂದ ತಪ್ಪು ಒಪ್ಪಾವ ಒಬ್ಬ, ಅದನ್ನ ಅಲ್ಲಿಗೇ ಬಿಟ್ಟು ಬಗ್ಗಿ ಕೆಲಸಕ್ಕ ನಿಲ್ಲಾವ ಒಬ್ಬ. ಮೊನ್ನಿ ನನ್ನ ತಮ್ಮ ಇಲ್ಲದ ಮಾತು ಕೇಳಿ ನನ್ನ ಮ್ಯಾಲೆ ಸಂಶೆ ಪಟ್ಟ. ಖರೆ ತಿಳಿದ ಮ್ಯಾಲೆ ಫೋನಿಗೆ ಕೈಮುಗಿಯೋ ಚಿತ್ರ ಕಳಿಸ್ದ. ನಾ ಬಸ್ ಹತ್ತಿ ಜೇವರ್ಗಿಗೆ ಹೋಗಿ ಅವನ ಎದುರಿಗೇ ಕುಂತೆ. ಚಾ ಕೊಟ್ಟ, ಚೂಡಾ ಕೊಟ್ಟ, ಮಳಿ ಮಾತು ಆಡ್ದ. ನಾ ಕಾಯ್ಕೋತ ಕುಂತೆ. ಕಡೀಕ ಬಾಯಿ ಬಿಟ್ಟ.

"ಅಕ್ಕಾ, ಚಿತ್ರ ಬಂತಿಲ್ಲ?"