ಬಚ್ಚಲ ಗೂಡಿನ ಇದ್ದಿಲುಪುಡಿ

ಆಗೋದಿಲ್ಲ ಅಂದವರು ನಮ್ಮ ದೊಡ್ಡಪ್ಪ. ಚಿತ್ರಕಲೆಯಲ್ಲಿ ಪದವಿ ಮಾಡಲು ನಾನು ಮೈಸೂರಿನ ಕಾಲೇಜಿಗೆ ಸೇರಲು ಹೊರಟ ದಿನವೇ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತಾ ಹೇಳಿದರು: "ಮಸಿ ಬಳ್ದು ಡಿಗ್ರಿ ತಗೊಂಡೋರ್ನ ನಾನಂತೂ ಕಂಡಿಲ್ಲ ಕಣವ್ವ. ಮಸಿನೇ ಬೇಕು ಅಂದ್ರೆ ಇಲ್ಲೇ ಕುಂತ್ಕೊ." ಅಪ್ಪ ತೀರಿಕೊಂಡ ಮೇಲೆ ಮನೆಗೆ ಹಿರಿಯರು ಅವರೇ. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಎಸ್ಸೆಸ್ಸೆಲ್ಸಿ ದಾಟಿರಲಿಲ್ಲ. ನಾನು ಹುಣಸೂರಿಗೆ ಹೋಗಿ ಮೈಸೂರು ಬಸ್ಸು ಹತ್ತಿದೆ.

ಕೊನೆಯ ವರ್ಷ ಮನೆಯವರೊಬ್ಬರ ಮುಖವನ್ನು ದೊಡ್ಡ ಹಾಳೆಯಲ್ಲಿ ಬರೆದು ಕೊಡಬೇಕಿತ್ತು. ಬಿಳಿ ಹಾಳೆಯ ಮೇಲಲ್ಲ. ಮೊದಲು ಹಾಳೆಗೆಲ್ಲ ಇದ್ದಿಲುಪುಡಿ ಹಚ್ಚಿ, ಹತ್ತಿಯಿಂದ ತೀಡಿ ತೀಡಿ, ಎಲ್ಲೂ ಕಲೆಯಿಲ್ಲದಂತೆ ಬೂದು ಮಾಡಬೇಕು. ಆಮೇಲೆ ರಬ್ಬರಿನಲ್ಲಿ ಉಜ್ಜಿ ಬೆಳಕು ತೆಗೆಯಬೇಕು, ಇದ್ದಿಲುಕಡ್ಡಿಯಿಂದ ನೆರಳು ಕೂರಿಸಬೇಕು. ಬೂದು ಕೆಟ್ಟರೆ ಮುಖವೂ ಕೆಟ್ಟ ಹಾಗೆ. ಮಂಗಳವಾರ ಕೊಡದಿದ್ದರೆ ಒಂದು ವರ್ಷ ಹೋಯಿತು. ಇನ್ನೊಂದು ವರ್ಷ ಓದಿಸಿ ಎಂದು ಕೇಳುವ ಮುಖ ನನಗಿರಲಿಲ್ಲ.

ಗುರುವಾರ ಊರಿಗೆ ಬಂದವಳೇ ಬ್ಯಾರನ್ನಿನ ಒಲೆಯಿಂದ ಹಗುರವಾದ ಇದ್ದಿಲು ಆಯ್ದೆ. ಒರಳಲ್ಲಿ ಕುಟ್ಟಿ, ಅವ್ವನ ಹಳೇ ಸೀರೆಯಲ್ಲಿ ಎರಡು ಸಲ ಸೋಸಿದೆ. ಜಡಿಮಳೆ ಹಿಡಿದಿತ್ತು, ಪುಡಿ ತೇವವಾಗಬಾರದು ಎಂದು ಡಬ್ಬವನ್ನು ಬಚ್ಚಲೊಲೆಯ ಪಕ್ಕದ ಗೂಡಿನಲ್ಲಿಟ್ಟೆ. ಬುದ್ಧಿವಂತಿಕೆ ಅಂದುಕೊಂಡೆ.

ಶನಿವಾರ ಮೊದಲ ಹಾಳೆಗೆ ಬಳಿದೆ. ಭುಜ ನೋಯುವವರೆಗೆ ತೀಡಿದೆ. ಬೆಳಿಗ್ಗೆ ಎದ್ದು ನೋಡಿದರೆ ಹಾಳೆಯ ತುಂಬ ಸಿಡುಬು ಎದ್ದ ಹಾಗೆ ಕರಿ ಚುಕ್ಕೆ, ಕೈಯಾಡಿಸಿದರೆ ತರಿತರಿ. ಹಾಳೆ ಸರಿಯಿಲ್ಲ ಎಂದು ಅಂಗಡಿಯವನನ್ನು ಬೈದೆ, ಸೌದೆ ಹಸಿಯಿತ್ತೇನೋ ಎಂದು ಬ್ಯಾರನ್ನನ್ನು ಬೈದೆ. ಭಾನುವಾರ ಎರಡನೇ ಹಾಳೆ. ಅದಕ್ಕೂ ಚುಕ್ಕೆ. ತಂದಿದ್ದುದು ಮೂರೇ ಹಾಳೆ.

ಸೋಮವಾರ ಬೆಳಿಗ್ಗೆ ಡಬ್ಬ ತರಲು ಬಚ್ಚಲಿಗೆ ಹೋದೆ. ದೊಡ್ಡಪ್ಪ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ತೊಡೆಯ ಪಕ್ಕ ನನ್ನ ಡಬ್ಬ, ಬೆರಳು ಬಾಯಲ್ಲಿ.

ನಮ್ಮ ಮನೆಯ ಬಚ್ಚಲ ಗೂಡಿನಲ್ಲಿರುವ ಕರಿ ಪುಡಿಗೆ ಅಜ್ಜನ ಕಾಲದಿಂದಲೂ ಒಂದೇ ಕೆಲಸ, ಹಲ್ಲುಜ್ಜುವುದು. ಅಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲವಲ್ಲ.

"ಸಪ್ಪಗಿತ್ತು ಕಣವ್ವ," ಅಂದರು, "ಒಂದಿಡಿ ಉಪ್ಪು ಅರ್ದು ಆಕು ಅಂತ ನಿಮ್ಮವ್ವಂಗೆ ಯೋಳ್ದೆ. ಈಗ ವೈನಾಗದೆ."

ಉಪ್ಪು. ಅದು ಮಳೆಗಾಳಿಯ ತೇವವನ್ನೆಲ್ಲ ಹೀರಿ ನನ್ನ ಹಾಳೆಯ ಮೇಲೆ ಕೂತಿತ್ತು. ಅವ್ವನನ್ನು ಕೇಳಿದರೆ, ಹಿರಿಯರು ಹೇಳಿದರು ಹಾಕಿದೆ ಎಂದಳು. ಯಾರನ್ನು ಬೈಯುವುದು?

"ಮೂರು ದಿನದಿಂದ ನೀವು ಉಗೀತಿರೋದು ನನ್ನ ಡಿಗ್ರಿನ, ದೊಡ್ಡಪ್ಪ," ಅಂದೆ. ಅವರಿಗೆ ಹಾಗೆ ಮಾತಾಡಿದ್ದು ಅದೇ ಮೊದಲು.

ಅವರು ಬಾಯಿ ಮುಕ್ಕಳಿಸಿ ಎದ್ದು ಹೋದರು. ಸಿಟ್ಟಾದರು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ಕುಕ್ಕೆ ಇದ್ದಿಲು ತಂದು ಒರಳಿಗೆ ಸುರಿದು ತಾವೇ ಕುಟ್ಟಲು ಕೂತರು. ಸುಮ್ಮನೆ ಕುಟ್ಟಿದರೆ ಅವರು ದೊಡ್ಡಪ್ಪ ಹೇಗಾದಾರು? ನಾನು ಸೋಸುವುದು ಸರಿಯಿಲ್ಲ, ಸೀರೆ ಹಿಡಿದಿದ್ದು ಸರಿಯಿಲ್ಲ ಎಂದು ಕೊನೆಯವರೆಗೂ ಹೇಳಿದರು. ಮೂರನೇ ಹಾಳೆ ಮಾತ್ರ ಮೋಡದ ಹಾಗೆ ಒಂದೇ ಸಮ ಬಂತು.

ಬರೆಯಲು ಅವರನ್ನೇ ಕೂರಿಸಿದೆ. ಅದಕ್ಕಿಂತ ಹೊಗೆಸೊಪ್ಪಿನ ಹೊರೆ ಹೊರುವುದು ಸುಲಭ. ಎಲೆಯಡಿಕೆಗೆ ಎದ್ದರು, ಬಸ್ಸಿನ ಸದ್ದಿಗೆ ಎದ್ದರು. ಅಷ್ಟು ಉಜ್ಜಿದ ಹಲ್ಲು ಚಿತ್ರದಲ್ಲಿ ಕಾಣಲೇಬೇಕೆಂದು ಬಾಯಿ ಬಿಟ್ಟುಕೊಂಡೇ ಕೂತರು. ಬಾಯಿ ಮುಚ್ಚಿಸುವುದರಲ್ಲಿ ಮಧ್ಯಾಹ್ನವಾಯಿತು. ಸಂಜೆಗೆ ಹಣೆಯ ಮೇಲಿನ ಬೆಳಕನ್ನು ರಬ್ಬರಿನಲ್ಲಿ ತೆಗೆದು ಮುಗಿಸಿದೆ. ಮಂಗಳವಾರ ಮೊದಲ ಬಸ್ಸಿಗೆ ಹಾಳೆ ಹಿಡಿದು ಹೊರಟೆ.

ಪಾಸಾದೆ. ಯಾರ ಕೃಪೆಯಿಂದಲೂ ಅಲ್ಲ, ಭುಜ ನೋಯಿಸಿಕೊಂಡು.

ಪದವಿ ಪತ್ರ ಬಂದ ದಿನ ಅದನ್ನು ಮೊದಲು ದೊಡ್ಡಪ್ಪನ ಕೈಗೇ ಕೊಟ್ಟೆ. ಟವೆಲ್ಲಿಗೆ ಎರಡು ಸಲ ಕೈ ಒರೆಸಿಕೊಂಡು ಈಸಿಕೊಂಡರು. ನನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ನಾನು ಕಾಲೇಜಿಗೆ ಹೊರಟಾಗ ಆಡಿದ ಮಾತನ್ನು ಈಗ ವಾಪಸ್ ತೆಗೆದುಕೊಳ್ಳುತ್ತಾರೆ ಎಂದು ಕಾದೆ.

"ಮೇಲೆಲ್ಲಾರ ಎತ್ತಿ ಮಡಗವ್ವ," ಅಂದರು. "ನಿಮ್ಮವ್ವ ಕೈಗೆ ಸಿಕ್ಕಿದ್ದಕ್ಕೆಲ್ಲ ಉಪ್ಪು ಆಕ್ತಾಳೆ."