ಸೋದರಮಾವ ವರನಾಗುವ ಊರು

ನಮ್ಮ ಲ್ಯಾಬಿನ ಆ ಹುಡುಗಿಯ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಅಪ್ಪ ಅಮ್ಮ ಬೆಂಗಳೂರಿನವರು, ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಈ ಪರದೇಶದ ಟ್ಯಾಂಪಿನೀಸ್‌ನಲ್ಲಿ. ನನಗಿಂತ ಎಷ್ಟೋ ಚಿಕ್ಕವಳು, ಆದರೆ ನನ್ನ ಮೇಲಧಿಕಾರಿ. ಮೀಟಿಂಗಿನಲ್ಲಿ ಹೆಸರು ಹಿಡಿದು ಕರೆಯುತ್ತಾಳೆ. ನಾವಿಬ್ಬರೇ ಇದ್ದಾಗ ಆಂಟಿ ಎಂದರೆ ಏನೋ ಕೆಲಸ ತಗುಲಿಹಾಕುತ್ತಾಳೆ ಎಂದೇ ತಿಳಿಯಬೇಕು.

ಆ ಸಲ ನಮ್ಮ ಕೈಗೆ ಬಂದದ್ದು ದಕ್ಷಿಣ ಅಮೆರಿಕದ ಕಾಡಿನ ಒಂದು ಮೂಲನಿವಾಸಿ ಜನಾಂಗದ ಡಿಎನ್‌ಎ. ಕ್ಯಾರಿಬ್ ಭಾಷಾಕುಟುಂಬದ ಮಾತಾಡುವ ಜನ. ಅವರ ಪೂರ್ವಿಕರು ಎಲ್ಲಿಂದ ಬಂದರು, ಯಾರ ಜೊತೆ ಬೆರೆತರು ಎಂದು ತಿಳಿಯುವುದು ನಮ್ಮ ಕೆಲಸ. ಹಲವರಲ್ಲಿ ತಾಯಿಯಿಂದ ಬಂದ ಎಳೆಯೂ ತಂದೆಯಿಂದ ಬಂದ ಎಳೆಯೂ ಅಲ್ಲಲ್ಲಿ ಉದ್ದುದ್ದಕ್ಕೆ ಒಂದೇ ಆಗಿದ್ದವು. ಸ್ಯಾಂಪಲ್ ತೆಗೆದವರು ಏನೋ ಎಡವಟ್ಟು ಮಾಡಿದ್ದಾರೆ, ಇಂಥವರನ್ನೆಲ್ಲ ಪಟ್ಟಿಯಿಂದ ಕೈಬಿಡೋಣ ಎಂದು ಹುಡುಗಿ ತೆಗೆದೂಬಿಟ್ಟಳು. ಹಾಗೆಯೇ ಬಿಟ್ಟಿದ್ದರೆ ಆ ಜನರ ಚರಿತ್ರೆಯಲ್ಲಿ ಅವರ ಅರ್ಧ ಹಳ್ಳಿಯೇ ಇರುತ್ತಿರಲಿಲ್ಲ.

ಅವಳ ಅವಸರ ನನಗೆ ಸರಿಕಾಣಲಿಲ್ಲ. ಅಲ್ಲಿ ಓಡಾಡಿ ಸ್ಯಾಂಪಲ್ ತಂದವರನ್ನು ವಿಡಿಯೋ ಕಾಲ್‌ನಲ್ಲಿ ಕೇಳಿದೆ. ಆ ಊರಲ್ಲಿ ಅಕ್ಕನ ಮಗಳನ್ನು ತಮ್ಮ ಮದುವೆಯಾಗುವುದು ಹಳೆಯ ರೂಢಿ, ಸೋದರಮಾವ ಹೇಳಿಮಾಡಿಸಿದ ವರ ಎಂದರು. ನಿಮಗೆ ವಿಚಿತ್ರ ಅನಿಸಬಹುದು ಎಂದು ಸಂಕೋಚದಿಂದ ಸೇರಿಸಿದರು. ನನ್ನ ಅಮ್ಮ ಕೈಹಿಡಿದದ್ದು ತನ್ನ ಸೋದರಮಾವನನ್ನೇ. ನಮ್ಮೂರು ಬಿಟ್ಟು ಇಲ್ಲಿನ ಸೆಂಗ್‌ಕಾಂಗಿಗೆ ಬಂದ ಮೇಲೆ ಆ ವಿಷಯ ನಾನು ಯಾರೆದುರೂ ಎತ್ತಿರಲಿಲ್ಲ. ಇಲ್ಲಿ ಎತ್ತಿದರೆ ಜನ ಅಯ್ಯೋ ಪಾಪ ಎನ್ನುತ್ತಾರೆ.

ಹುಡುಗಿಗೆ ಆ ಊರಿನ ರೂಢಿ ತಿಳಿಸಿ, ಹತ್ತಿರದ ನೆಂಟರು ಮದುವೆಯಾದರೆ ಹುಟ್ಟುವ ಮಕ್ಕಳಲ್ಲಿ ಎರಡೂ ಎಳೆ ಹಾಗೆ ಒಂದೇ ಆಗುತ್ತವೆ, ಸ್ಯಾಂಪಲ್ ಹಾಳಾಗಿಲ್ಲ ಎಂದೆ.

"ಏನ್ ಆಂಟಿ, ಸ್ವಂತ ಅಂಕಲ್‌ನ ಯಾರಾದ್ರೂ ಮ್ಯಾರಿ ಆಗ್ತಾರಾ?" ಎಂದು ನಕ್ಕಳು.

ಇವಳಿಗೆ ನಿಜವಾಗಿಯೂ ಗೊತ್ತಿಲ್ಲವೋ, ಎಲ್ಲ ತಿಳಿದೇ ನನ್ನ ಬಾಯಿ ಬಿಡಿಸಲು ನೋಡುತ್ತಿದ್ದಾಳೋ? ಸಿಟ್ಟು ನೆತ್ತಿಗೇರಿತು. ಡಿಎನ್‌ಎ ಓದುವ ಯಂತ್ರ ಸರಿಯಿದೆಯೇ ಎಂದು ನೋಡಲು ಹಿಂದೊಮ್ಮೆ ನನ್ನ ಉಗುಳನ್ನೇ ಕೊಟ್ಟಿದ್ದೆ. ಅದರ ಫಲಿತಾಂಶವನ್ನು, ಯಾರದೆಂದು ಹೇಳದೆ, ಆ ಜನರ ಸಾಲಿನ ಪಕ್ಕದಲ್ಲಿಟ್ಟು ತೋರಿಸಿದೆ. ಅವಳು ಒಂದೊಂದಾಗಿ ನೋಡುತ್ತಾ ಬಂದು ನನ್ನದರ ಹತ್ತಿರ ನಿಂತಳು.

"ಇದೂ ಹಾಳಾಗಿರೋ ಸ್ಯಾಂಪಲ್ಲೇ. ಡ್ರಾಪ್ ಮಾಡಿಬಿಡಿ, ಲಾ," ಎಂದು ಇಲ್ಲಿಯವರಂತೆ ಮಾತಿನ ಕೊನೆ ಎಳೆದಳು.

"ಅದು ನಾನು," ಎಂದೆ.

ಅವಳು ಪರದೆ ಬಿಟ್ಟು ನನ್ನನ್ನು ನೋಡಿದಳು. ನನ್ನಲ್ಲಿ ಏನು ಹಾಳಾಗಿದೆ ಎಂದು ಹುಡುಕುತ್ತಿದ್ದಳು, ನಾನೂ ಕದಲದೆ ಕೂತು ಹುಡುಕಗೊಟ್ಟೆ. ಸಿಗಲಿಲ್ಲವೆಂದು ಕಾಣುತ್ತದೆ, ಸಂಜೆಯೊಳಗೆ ಕೈಬಿಟ್ಟವರನ್ನೆಲ್ಲ ತಾನೇ ವಾಪಸು ಸೇರಿಸಿದಳು.